ಕುಬಸದ ಹಸಿರು ಸೀರೆ

ನಮ್ಮ ಮನೆಯಲ್ಲಿ ಬಣ್ಣದ ವಿಷಯಕ್ಕೆ ಇಬ್ಬರು ಪಂಡಿತರು. ಒಬ್ಬಳು ನಾನು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳು ಚೆಲ್ಲಿದ ಬಣ್ಣದ ನೀರು ಒರೆಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಇನ್ನೊಬ್ಬರು ನನ್ನ ಅತ್ತೆ. ಅವರು ಬಣ್ಣ ಕಲಿತದ್ದು ಕಸೂತಿ ಹಾಕುತ್ತ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತಾರೆ. ನಾವಿಬ್ಬರೂ ಹಳೇ ಹುಬ್ಬಳ್ಳಿಯ ಒಂದೇ ಓಣಿಯ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇಷ್ಟು ವರ್ಷ ಇದ್ದೇವೆ. ನಡುವೆ ನನ್ನ ಗಂಡ. ಅವರದು ಹತ್ತಿ ವ್ಯಾಪಾರ. ಹತ್ತಿಯ ಬಿಳುಪಿನಲ್ಲಿ ಎಷ್ಟು ತರ ಎಂದು ಕಣ್ಣು ಮುಚ್ಚಿ ಹೇಳಬಲ್ಲರು, ಆದರೆ ಉಳಿದ ಲೋಕದಲ್ಲಿ ಅವರಿಗೆ ಗೊತ್ತಿರುವುದು ಮೂರೇ ಬಣ್ಣ: ಕೆಂಪು, ಕರಿ, ಮತ್ತು 'ಅದೇನೋ ಒಂದು'.

ಅತ್ತೆಯ ಬಣ್ಣಗಳಿಗೆಲ್ಲ ಅಡುಗೆಮನೆಯ, ಹೊಲದ ಹೆಸರು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಬದನೆಕಾಯಿ ಬಣ್ಣ, ದಾಳಿಂಬರಿ ಕಾಳಿನ ಬಣ್ಣ. ನಾನು ಯಾವುದೋ ಸೀರೆ ನೋಡಿ, ಇದು ಹಳದಿಗೆ ಒಂದಿಷ್ಟೇ ನೀಲಿ ಕೂಡಿಸಿದ ಹಸಿರು ಎಂದು ಶುರು ಮಾಡಿದರೆ, ಅಷ್ಟುದ್ದ ಯಾಕೆ, ಎಳೇ ಕಡಲೆಗಿಡದ ಬಣ್ಣ ಅನ್ನು ಎಂದು ಮುಗಿಸಿಬಿಡುತ್ತಿದ್ದರು. ಕರಿಯ ಬಣ್ಣ ಅಶುಭ ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರ ಕಸೂತಿಯೆಲ್ಲ ಕರೀ ಸೀರೆಯ ಮೇಲೆಯೇ. ಕರಿ ಇಲ್ಲದಿದ್ದರೆ ಉಳಿದ ಬಣ್ಣಗಳು ಎಲ್ಲಿ ಕೂಡಬೇಕು ಎಂದು ಕೇಳುತ್ತಿದ್ದರು. ಈ ಮಾತನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ನನ್ನದೇ ಎಂಬಂತೆ ಹೇಳಿದ್ದೇನೆ.

ಜಗಳಗಳೂ ಆದವು. ಒಮ್ಮೆ ನಾನು ಹಟ ಹಿಡಿದು ಪಡಸಾಲೆಯ ಗೋಡೆಗೆ ತಿಳಿ ಬೂದು ಬಣ್ಣ ಹಚ್ಚಿಸಿದೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿ, ಒಲೆಯ ಬೂದಿ ತಂದು ಬಳಿದಿದ್ದರೆ ರೊಕ್ಕ ಉಳಿಯುತ್ತಿತ್ತು ಎಂದರು. ನಾನು, ಬೂದಿ ಯಾಕೆ ಅಂತೀರಿ, ವಿಭೂತಿ ಅನ್ನಿರಿ ಎಂದೆ. ಮೂರು ಹೊತ್ತು ಹಣೆಗೆ ವಿಭೂತಿ ಧರಿಸುವ ಹೆಂಗಸು ಅದಕ್ಕೆ ಏನು ಹೇಳಬೇಕು? ಗೋಡೆ ಉಳಿಯಿತು. ಆದರೆ ಆಮೇಲೆ ಬಂದವರಿಗೆಲ್ಲ ಆ ಗೋಡೆಗೆ ಬೆನ್ನು ಮಾಡಿ ಕೂಡಿರಿ ಎಂದು ಹೇಳುವುದನ್ನು ಅವರು ಬಿಡಲಿಲ್ಲ.

ಇಷ್ಟಿದ್ದರೂ ಓಣಿಯವರಿಗೆ ಬಣ್ಣದ ಪಂಡಿತೆ ಎಂದರೆ ಅತ್ತೆಯೇ. ಮದುವೆ ಸೀರೆಗೆ ಯಾವ ಕುಬಸ, ಅಂದರೆ ರವಿಕೆ, ಒಪ್ಪುತ್ತದೆ ಎಂದು ಕೇಳಲು ನನ್ನ ಹತ್ತಿರ ಯಾರೂ ಬಂದವರಲ್ಲ. ಪಕ್ಕದ ಮನೆಯ ಚಾಚಿ ಮಗಳ ನಿಕಾಹದ ದುಪಟ್ಟಾ ಹಿಡಿದುಕೊಂಡು ಬಂದದ್ದೂ ಅತ್ತೆಯ ಬಳಿಗೇ. ಯಾರು ಏನು ತಂದರೂ ಅತ್ತೆ ಮನೆಯೊಳಗೆ ನೋಡುತ್ತಿರಲಿಲ್ಲ. ಹೊರಬಾಗಿಲ ಹೊಸ್ತಿಲಿನ ಬಿಸಿಲಿಗೆ ತಂದು, ಮಡಿಕೆ ಬಿಚ್ಚಿ, ಎರಡೂ ಕಡೆ ತಿರುಗಿಸಿ ನೋಡುವವರು. ಜವಳಿ ಸಾಲಿನ ಅಂಗಡಿಗಳಲ್ಲೂ ಅಷ್ಟೇ. ಸೀರೆ ಹಿಡಿದುಕೊಂಡು ಸೀದಾ ರಸ್ತೆಗೆ ನಡೆದುಬಿಡುತ್ತಿದ್ದರು. ಅಂಗಡಿಯವರು ಅವರನ್ನು ಬಲ್ಲರು, ಏನೂ ಅನ್ನುತ್ತಿರಲಿಲ್ಲ.

"ಅಂಗಡ್ಯಾಗಿನ ದೀಪ ಅಂಗಡಿಕಾರನ ಕಡೆ ಮಾತಾಡತೈತಿ," ಎನ್ನುತ್ತಿದ್ದರು. "ಬಿಸಲು ಯಾರ ಕಡೆನೂ ಅಲ್ಲ."

ಸೀರೆಗಳಂತೆಯೇ ಕೂಸುಗಳನ್ನೂ ಅವರ ಬಳಿಗೆ ತರುತ್ತಿದ್ದರು. ಹುಟ್ಟಿದ ಕೂಸನ್ನು ಅದೇ ಹೊಸ್ತಿಲ ಎಳೆಬಿಸಿಲಿಗೆ ಹಿಡಿದು, ಮೂಗಿನ ತುದಿಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಬಿಟ್ಟು, ಆ ಒತ್ತಿದ ಜಾಗದಲ್ಲಿ ಯಾವ ಬಣ್ಣ ಕಾಣುತ್ತದೆ ಎಂದು ನೋಡುತ್ತಿದ್ದರು. ಹಳದಿ ಕಂಡರೆ ಕಾಮಣಿ, ದವಾಖಾನೆಗೆ ಹೋಗಿರಿ ಎಂದು ಕಳಿಸುತ್ತಿದ್ದರು. ನನ್ನ ಮಗಳು ಹುಟ್ಟಿದಾಗಲೂ ಹಾಗೇ ಆಗಿತ್ತು. ಬಣ್ಣದ ಡಿಪ್ಲೊಮಾ ಪಾಸಾದ ತಾಯಿ ನಾನು, ಮಗಳು ಕೆಂಪಗಿದ್ದಾಳೆ ಎಂದು ಹಿಗ್ಗುತ್ತ ಮಲಗಿದ್ದೆ. ಕಾಮಣಿ ಕಂಡದ್ದು ಅತ್ತೆಯ ಕಣ್ಣಿಗೆ.

ಇಂಥ ಕಣ್ಣಿಗೆ ಪೊರೆ ಬಂತು.

ಮೊದಲು ನಮಗೆ ತಿಳಿಯಲಿಲ್ಲ. ಈಗಿನ ಬಲ್ಬುಗಳಲ್ಲಿ ಉರಿಯೇ ಇಲ್ಲ ಎಂದು ಅವರು ಬೈದಾಗ ಬಲ್ಬು ಬದಲಿಸಿದೆವು. ಅನ್ನಕ್ಕೆ ಅರಿಷಿಣ ಯಾಕೆ ಬಿತ್ತು ಎಂದಾಗ ನಾನು ಅಕ್ಕಿಯ ಮೇಲೆ ಹಾಕಿದೆ. ಕೊನೆಗೆ ಗಂಡ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಎರಡೂ ಕಣ್ಣಿಗೆ ಮೋತಿಬಿಂದು, ಬಲಿತಿದೆ, ಕಾಣುವುದಕ್ಕೆಲ್ಲ ಹಳದಿ ಬೆರೆಯುತ್ತದೆ, ಆಪರೇಶನ್ ಮಾಡಿಸಿದಷ್ಟು ಬೇಗ ಒಳ್ಳೆಯದು, ಬಿಟ್ಟರೆ ಮುಂದೆ ತ್ರಾಸಾದೀತು ಎಂದು ಡಾಕ್ಟರು ಹೇಳಿದರು. ಅತ್ತೆ ಕುರ್ಚಿಯಿಂದ ಎದ್ದು ಚಪ್ಪಲಿ ಹುಡುಕತೊಡಗಿದರು. ಅತ್ತೆಯ ತವರು ಶಿರಗುಪ್ಪಿಯಲ್ಲಿ ಅವರ ಅವ್ವ, ಎಷ್ಟೋ ಕಾಲದ ಹಿಂದೆ, ಕಣ್ಣು ಕೊಯ್ಯಿಸಿಕೊಂಡು ಬಂದವಳು ಇದ್ದ ಬೆಳಕನ್ನೂ ಕಳೆದುಕೊಂಡು, ಸಾಯುವ ತನಕ ಗೋಡೆ ಹಿಡಿದು ಓಡಾಡಿದ್ದಳಂತೆ. ಕಾಲ ಬದಲಾಗಿದೆ ಎಂದು ನಾವು ಎಷ್ಟು ಹೇಳಿದರೂ ಅವರಿಗೆ ಕಾಣುವುದು ಆ ಗೋಡೆ ಹಿಡಿದ ಕೈಯೇ. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು, ಅವರ ಹಟಕ್ಕೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಮಗಳು ಬಸುರಿಯಾದ ಸುದ್ದಿ ಬಂತು. ಅವಳನ್ನು ಕೊಟ್ಟದ್ದು ಧಾರವಾಡಕ್ಕೆ. ಏಳು ತಿಂಗಳಿಗೆ ತವರಿನವರು ಹೋಗಿ ಕುಬಸ ಮಾಡಬೇಕು, ಸೀಮಂತದ ಶಾಸ್ತ್ರಕ್ಕೆ ನಮ್ಮಲ್ಲಿ ಅದೇ ಹೆಸರು. ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ. ಬಸುರಿಗೆ ಬೇರೆ ಬಣ್ಣ ಇಲ್ಲ. ನಮ್ಮ ಮನೆತನದಲ್ಲಿ ಆ ಸೀರೆಯನ್ನು ಮನೆಯ ಹಿರಿಯ ಹೆಂಗಸೇ ಆರಿಸಬೇಕು. ಆರಿಸಿದ ಮೇಲೆ ಅದಕ್ಕೆ ಯಾರೂ ಹೆಸರಿಡಬಾರದು, ಅಂದರೆ ಅಂಚು ಸಣ್ಣದಾಯಿತು, ಸೆರಗು ಬೋಳಾಯಿತು ಎಂದು ಒಂದು ಕೊಂಕೂ ತೆಗೆಯಬಾರದು. ತೆಗೆದರೆ ಹುಟ್ಟುವ ಕೂಸು ಜನ್ಮವೆಲ್ಲ ಕಂಡದ್ದಕ್ಕೆಲ್ಲ ಹೆಸರಿಡುತ್ತದಂತೆ. ನನ್ನ ಕುಬಸದ ಸೀರೆಗೆ ಯಾರೋ ಖಂಡಿತ ಹೆಸರಿಟ್ಟಿರಬೇಕು, ನನ್ನ ಮಗಳು ಹುಟ್ಟಿದ್ದೇ ನಾನು ಮಾಡಿದ ಸಾರಿಗೆ ಕೊಂಕು ತೆಗೆಯುತ್ತ.

ಜವಳಿ ಸಾಲಿಗೆ ನಾನೂ ಅತ್ತೆಯೂ ಹೋದೆವು. ಅಂಗಡಿಯವರು ಹಸಿರು ಸೀರೆಗಳ ರಾಶಿಯನ್ನೇ ಹಾಕಿದರು. ಅತ್ತೆ ಒಂದೊಂದನ್ನೇ ಬೆರಳಿನಿಂದ ಸವರಿ ಬದಿಗಿಡುತ್ತ ಹೋದರು. ಯಾವುದೂ ಮನಸ್ಸಿಗೆ ಬರಲಿಲ್ಲ. ಎಲ್ಲ ಒಣಗಿದ ಸೊಪ್ಪಿನ ಹಾಗಿವೆ, ಹಸಿ ಇಲ್ಲ ಎಂದರು. ಆಮೇಲೆ ಅವರ ಕಣ್ಣು ಪಕ್ಕದಲ್ಲಿ ಬೇರೆ ಯಾರಿಗೋ ತೋರಿಸಿ ಬಿಟ್ಟಿದ್ದ ಸೀರೆಯೊಂದರ ಮೇಲೆ ಹೋಯಿತು. ನವಿಲಿನ ಕತ್ತಿನ ನೀಲಿ. ಅದನ್ನು ಎತ್ತಿಕೊಂಡು ರಸ್ತೆಗೆ ನಡೆದರು. ನಾನು ಹಿಂದೆ ಓಡಿದೆ. ಮಟಮಟ ಮಧ್ಯಾಹ್ನದ ಬಿಸಿಲು. ಸೀರೆಯನ್ನು ಬಿಚ್ಚಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಅವರ ಮುಖ ಅರಳಿತು.

"ಹಸರಂದ್ರ ಇದು ನೋಡು," ಎಂದರು. "ಹಾಲ ತುಂಬಿದ ಜ್ವಾಳ ಹಿಂಗಿರತೈತಿ."

ಅಂಗಡಿಯವರು ಬಾಗಿಲಿಗೆ ಬಂದು ನಿಂತಿದ್ದರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇನ್ನೊಂದಿಷ್ಟು ನೋಡೋಣ, ಒಳಗೆ ಗಿಳಿಹಸಿರು ಚೆನ್ನಾಗಿತ್ತಲ್ಲ ಎಂದು ತೊದಲಿದೆ. ಅತ್ತೆ ನನ್ನತ್ತ ತಿರುಗಿ, ಕುಬಸದ ಸೀರೆಗೆ ಹೆಸರಿಡುತ್ತೀಯಾ ಎಂದು ಕೇಳಿದರು. ಅಷ್ಟೇ, ನನ್ನ ಬಾಯಿಗೆ ಬೀಗ ಬಿತ್ತು. ಅಂಗಡಿಯವರೂ ಈ ಊರಿನವರೇ, ಅವರಿಗೂ ಈ ಪದ್ಧತಿ ಗೊತ್ತು. ಅಜ್ಜಿಯ ಆಯ್ಕೆ ಎಂದರೆ ಆಯ್ಕೆ ಎಂದು ಹೇಳಿ, ಸೀರೆಯನ್ನು ಅವಸರದಿಂದ ಮಡಚಿ ಕೊಟ್ಟರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಸೀರೆ ಬಿಚ್ಚಿ ನೋಡಿದರು. ಬಣ್ಣ ಗೊತ್ತಿಲ್ಲದ ಮನುಷ್ಯ ಕೂಡ ಇದು ನೀಲಿ ಎಂದರು. ಗುಟ್ಟಾಗಿ ಇಂಥದೇ ಹಸಿರು ತಂದು ಬದಲಿಸಿಬಿಡು ಎಂಬುದು ಅವರ ಉಪಾಯ. ಗಂಡಸರ ಉಪಾಯ. ಅತ್ತೆಗೆ ಕಣ್ಣು ಮಂಜಾದರೂ ಬೆರಳು ಮಂಜಾಗಿರಲಿಲ್ಲ, ಸೀರೆಯ ನೂಲು ಮುಟ್ಟಿ ಗುರುತು ಹಿಡಿಯುವವರು. ಅಲ್ಲದೆ ಅವರು ಆಗಲೇ ಸೆರಗಿನ ಮೂಲೆಯಲ್ಲಿ ಕೆಂಪು ನೂಲಿನ ಒಂದು ಪುಟ್ಟ ಗೋಪುರ ಹಾಕಲು ಶುರು ಮಾಡಿದ್ದರು. ಕಸೂತಿಗೆ ಗಂಟು ಇಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಹೆಚ್ಚು ಕಡಿಮೆ ಮುಟ್ಟಿಯೇ ನೋಡುತ್ತ ಅವರು ಅದನ್ನು ಹಾಕಿದರು, ಒಂದು ಹೊಲಿಗೆಯೂ ತಪ್ಪಲಿಲ್ಲ.

ಮಗಳಿಗೆ ಮೊದಲೇ ಫೋನಿನಲ್ಲಿ ತಿಳಿಸಿದೆ. ಅವಳು ಮೊದಲು ನಕ್ಕಳು. ಆಮೇಲೆ, "ಅವ್ವಾ, ಆಯಿಗೆ ಅಷ್ಟೂ ಕಾಣವಲ್ದನ?" ಎಂದು ಕೇಳಿದಳು. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುವುದು. ನಾನು ಸೀರೆಯ ಜೊತೆಗೆ ಕುಬಸವನ್ನಾದರೂ ಅಪ್ಪಟ ಹಸಿರಿನದೇ ಹೊಲಿಸಿ ತರುತ್ತೇನೆ ಎಂದೆ. ಅಷ್ಟಾದರೂ ಶಾಸ್ತ್ರ ಉಳಿಯಲಿ.

ನನ್ನ ಹೆದರಿಕೆ ಇದ್ದದ್ದು ಬೀಗಿತ್ತಿಯದು. ಮಗಳ ಅತ್ತೆ ಧಾರವಾಡದ ಹಳೆಯ ಮನೆತನದವರು. ಮನೆಯಲ್ಲಿ ತಂಬೂರಿ, ಮಾತಿನಲ್ಲಿ ನಾಜೂಕು. ಧಾರವಾಡದವರು ಚಹಾಕ್ಕೂ ಆಲಾಪ ಮಾಡಿ ಕರೆಯುತ್ತಾರೆ ಎಂದು ನಾವು ಹುಬ್ಬಳ್ಳಿಯವರು ಬೆನ್ನ ಹಿಂದೆ ನಗುತ್ತಿದ್ದೆವು. ಹುಬ್ಬಳ್ಳಿಯವರು ತೂಕ ಮಾಡಿ ನಗುತ್ತಾರೆ ಎಂದು ಅವರೂ ನಮ್ಮ ಬೆನ್ನ ಹಿಂದೆ ಅಂದಿದ್ದರಂತೆ. ಅಂಥವರ ಮನೆಯಲ್ಲಿ, ಅವರ ನೆಂಟರ ಎದುರಿಗೆ, ಹಸಿರು ಸೀರೆ ಎಂದು ನೀಲಿ ಸೀರೆ ಬಿಚ್ಚಿದರೆ ನಮ್ಮ ಅತ್ತೆಯ ಮಾನ ಏನಾಗಬೇಕು? ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡದ ತನಕ ಅತ್ತೆ ಸೀರೆಯ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮದುಮಗಳ ಹಾಗೆ ಕೂತಿದ್ದರು. ನಾನು ಕಿಟಕಿಯಾಚೆ ನೋಡುತ್ತ, ಉಡಿ ತುಂಬುವ ಹೊತ್ತಿಗೆ ಕರೆಂಟಾದರೂ ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕರೆಂಟು ಹೋಗಲಿಲ್ಲ. ಪಡಸಾಲೆಯ ತುಂಬ ಹೆಂಗಸರು. ಮಗಳನ್ನು ಮಣೆಯ ಮೇಲೆ ಕೂಡಿಸಿದ್ದರು. ಅತ್ತೆ ತಾಟಿನ ಮೇಲಿನ ಬಟ್ಟೆ ಸರಿಸಿ, ಸೀರೆ ಎತ್ತಿ, ಸೆರಗು ಎಲ್ಲರಿಗೂ ಕಾಣುವ ಹಾಗೆ ಬಿಚ್ಚಿ ಹಿಡಿದರು.

"ಮಮ್ಮಗಳಿಗೆ ಹಸರ ಸೀರಿ ತಂದೇನ್ರಿ. ನನ್ನ ಕೈಯಾರೆ ಆರಿಸೇನಿ."

ಯಾರೋ ಒಬ್ಬಾಕೆ ಇನ್ನೊಬ್ಬಾಕೆಯ ಕಡೆ ನೋಡಿದಳು. ಮಗಳು ತಲೆ ತಗ್ಗಿಸಿದಳು. ಆಗ ಬೀಗಿತ್ತಿ ಎದ್ದು ಬಂದರು. ಅತ್ತೆಯ ಕಣ್ಣನ್ನು ಒಂದು ಕ್ಷಣ ದಿಟ್ಟಿಸಿದರು. ಕರೀ ಗುಡ್ಡೆಯ ನಡುವಿನ ಮಬ್ಬು ಅವರಿಗೆ ಕಂಡಿರಬೇಕು. ಎರಡೂ ಕೈಯಿಂದ ಸೀರೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಎಂಥಾ ಛಂದ ಹಸರು ತಂದೀರ್ರಿ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಇಂಥಾ ಹಸರು ಎಲ್ಲೂ ಸಿಗೂದಿಲ್ಲ ಬಿಡ್ರಿ."

ಅಷ್ಟು ಸಾಕಾಯಿತು. ಹಸಿರು ಚೆನ್ನಾಗಿದೆ, ಹಸಿರು ಮೈಗೆ ಒಪ್ಪುತ್ತದೆ ಎಂದು ಒಬ್ಬೊಬ್ಬರೇ ದನಿಗೂಡಿಸಿದರು. ಮಗಳು ಆ ಸೀರೆ ಉಟ್ಟು, ಹಸಿರು ಕುಬಸ ತೊಟ್ಟು, ಮೊಳಕೈ ತನಕ ಹಸಿರು ಬಳೆ ಇಟ್ಟುಕೊಂಡು ಬಂದು ಕೂತಾಗ ನಿಜವಾಗಿಯೂ ನವಿಲಿನ ಹಾಗೇ ಕಂಡಳು. ನೀಲಿಯ ಪಕ್ಕ ಹಸಿರು ಕೂತರೆ ಎರಡೂ ಒಂದನ್ನೊಂದು ಬೆಳಗುತ್ತವೆ. ಇದನ್ನು ನಾನು ಮಕ್ಕಳಿಗೆ ವರ್ಷವೂ ಕಲಿಸುತ್ತೇನೆ, ಆದರೆ ನನ್ನ ಕಣ್ಣಿಗೆ ಅದು ಖರೇ ಆಗಿ ಕಂಡದ್ದು ಅವತ್ತೇ. ಬೀಗಿತ್ತಿಯ ಬಗ್ಗೆ ಆಲಾಪದ ಮಾತು ಆಡುವುದನ್ನು ನಾನು ಅವತ್ತಿನಿಂದ ಬಿಟ್ಟೆ.

ಆದರೆ ಪ್ರೀತಿಯಿಂದ ಹೇಳಿದ ಸುಳ್ಳಿಗೂ ಕಾಲು ಇರುತ್ತದೆ, ಅದು ನಡೆಯುತ್ತ ನಮ್ಮ ಮನೆಗೇ ಬಂತು. ಆಪರೇಶನ್ ಮಾತು ತೆಗೆದಾಗಲೆಲ್ಲ ಅತ್ತೆ ಆ ಸೀರೆಯನ್ನೇ ಮುಂದೆ ಹಿಡಿಯತೊಡಗಿದರು. ಕಣ್ಣು ಕಾಣದವಳು ಅಂಥ ಹಸಿರು ಆರಿಸುತ್ತಿದ್ದಳೇ? ಧಾರವಾಡದ ಬೀಗಿತ್ತಿಯೇ ತಲೆದೂಗಿದಳಲ್ಲ? ಓಣಿಯ ಕಟ್ಟೆಯ ಮೇಲೆಲ್ಲ ಇದೇ ಮಾತು. ಡಾಕ್ಟರು ಕೊಟ್ಟ ಚೀಟಿ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಹೋಗಿ ಬಿತ್ತು. ನಾನು ಗಂಡನ ಮೇಲೆ ಹರಿಹಾಯ್ದೆ. ನಾವೆಲ್ಲ ಸೇರಿ ಅವರ ಮಾನ ಉಳಿಸುತ್ತೇವೆ ಎಂದು ಕಣ್ಣು ಕಳೆಯುತ್ತಿದ್ದೇವೆ ಎಂದೆ. ಅವರು, ಹೆರಿಗೆಯಾಗುವ ತನಕ ಕುಬಸದ ಸೀರೆಯ ಮಾತು ಎತ್ತಬೇಡ ಎಂದರು. ಮಗಳ ಹೊಟ್ಟೆಯ ಮುಂದೆ ನನಗೂ ಧೈರ್ಯವಿರಲಿಲ್ಲ.

ಚೊಚ್ಚಲ ಹೆರಿಗೆಗೆ ಮಗಳು ಹುಬ್ಬಳ್ಳಿಗೆ ಬಂದಳು. ಹೆಣ್ಣು ಕೂಸು. ದವಾಖಾನೆಯಿಂದ ಮನೆಗೆ ಕರೆತಂದ ಮೇಲೆ ಬಾಣಂತನದ ಯಜಮಾನಿಕೆ ಅತ್ತೆಯದು. ಬಾಣಂತಿ ಕೋಣೆಯ ಕಿಟಕಿಗಳಿಗೆಲ್ಲ ಪರದೆ, ಒಳಗೆ ಲೋಬಾನದ ಹೊಗೆ, ಒಂದು ಸಣ್ಣ ದೀಪ. ಗಾಳಿ ಬಡಿದೀತು ಎಂದು ನನಗೆ ಬಾಗಿಲು ಕೂಡ ತೆರೆಯಗೊಡುತ್ತಿರಲಿಲ್ಲ. ಕೂಸನ್ನು ಹೊಸ್ತಿಲ ಬಿಸಿಲಿಗೆ ತಂದು ಮೂಗಿನ ತುದಿ ಒತ್ತಿ ನೋಡುವ ಶಾಸ್ತ್ರವನ್ನು ಮಾತ್ರ ಬಿಡಲಿಲ್ಲ. ನೋಡಿ ಬಂದು, ಬಂಗಾರದಂಥ ಬಣ್ಣ, ನಮ್ಮ ಮನೆಯಲ್ಲಿ ಇಂಥ ಕೂಸು ಹುಟ್ಟಿರಲಿಲ್ಲ ಎಂದರು. ನಮಗೆಲ್ಲ ಸಮಾಧಾನವಾಯಿತು. ಕೂಸಿನ ಬಣ್ಣದ ವಿಷಯದಲ್ಲಿ ಅತ್ತೆ ಹೇಳಿದ ಮೇಲೆ ಮತ್ತೆ ನೋಡುವ ರೂಢಿ ಈ ಮನೆಯಲ್ಲಿ ಇರಲೇ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಕೂಸಿನ ಮುಖ ನೋಡಿ ಹೋಗೋಣ ಎಂದು ಕೋಣೆಗೆ ಹೋದೆ. ಅತ್ತೆ ಬಚ್ಚಲಿನಲ್ಲಿದ್ದರು. ಕಿಟಕಿಯ ಪರದೆ ಸರಿಸಿದೆ. ಕೂಸು ಕಣ್ಣು ತೆರೆದಿತ್ತು. ಬಿಳಿ ಇರಬೇಕಾದಲ್ಲಿ ಹಳದಿ. ಎತ್ತಿಕೊಂಡು ಹೊಸ್ತಿಲಿಗೆ ಓಡಿ, ಅತ್ತೆ ಮಾಡುವ ಹಾಗೇ ಮೂಗಿನ ತುದಿ ಒತ್ತಿ ಬಿಟ್ಟೆ. ಹಣೆ, ಎದೆ, ಹೊಟ್ಟೆ, ಎಲ್ಲ ಕಡೆ ಹಳದಿ. ಮಗಳು, ಎರಡು ದಿನದಿಂದ ಹಾಲು ಸರಿಯಾಗಿ ಕುಡಿಯುತ್ತಿಲ್ಲ, ಬರೀ ನಿದ್ದೆ ಎಂದಳು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಕೂಸಿಗೆ ಕಾಮಣಿ ಎಂದೆ. ಅವರು ಒಪ್ಪಲಿಲ್ಲ. ನಿನ್ನೆ ತಾನೇ ನೋಡಿದ್ದೇನೆ, ಕಾಮಣಿ ನನಗೆ ತಿಳಿಯುವುದಿಲ್ಲವೇ, ನಿನ್ನ ಮಗಳದನ್ನು ಹಿಡಿದದ್ದು ಯಾರು ಎಂದು ಸಿಟ್ಟಿಗೆದ್ದರು. ನಾನು ಆಟೋ ಕರೆಸಿದೆ. ಅತ್ತೆ ಬೈಯುತ್ತಲೇ ಹತ್ತಿ ಕೂತರು.

ಡಾಕ್ಟರು ರಕ್ತ ತೆಗೆಸಿ ನೋಡಿ, ಕಾಮಣಿ ಏರಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು, ಸರಿಯಾದ ಹೊತ್ತಿಗೆ ತಂದಿದ್ದೀರಿ ಎಂದರು. ಕೂಸನ್ನು ದೀಪದ ಕೆಳಗೆ ಮಲಗಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿ, ಮೈಮೇಲೆ ಲಂಗೋಟಿಯೊಂದನ್ನೇ ಬಿಟ್ಟು, ನೀಲಿ ಬೆಳಕಿನಲ್ಲಿ. ಮಗಳು ಒಳಗೆ ಕೂತಳು. ನಾನೂ ಅತ್ತೆಯೂ ಗಾಜಿನ ಈಚೆ ನಿಂತೆವು. ಅತ್ತೆ ಮುಖವನ್ನು ಗಾಜಿಗೆ ತಾಗಿಸಿ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತಿಗೆ ಅವರ ಸಿಟ್ಟೆಲ್ಲ ಇಳಿದಿತ್ತು.

"ಹಸರ ದೀಪದಾಗ ಮಲಗಸ್ಯಾರ," ಎಂದರು ಮೆಲ್ಲಗೆ. "ಛಲೋ ಆತು. ಹಸರು ಕಾಯತೈತಿ."

ಹಿಂದೆಯೇ ಒಬ್ಬ ನರ್ಸ್ ಟ್ರೇ ಹಿಡಿದು ಹೊರಟಿದ್ದಳು. ನಮ್ಮ ಕುಬಸ, ನಮ್ಮ ಸೀರೆ, ನಮ್ಮ ಸುಳ್ಳು ಯಾವುದೂ ಗೊತ್ತಿಲ್ಲದ ಹುಡುಗಿ.

"ಹಸರಲ್ರಿ ಅಜ್ಜಿ," ಎಂದಳು. "ನೀಲಿ ದೀಪ ಅದು. ಕಾಮಣಿಗೆ ನೀಲಿನ ಹಾಕೂದು." ಅಂದವಳೇ ಹೊರಟುಹೋದಳು.

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಮುಖ ಅವರಿಗೆ ಎಷ್ಟು ಕಾಣುತ್ತಿತ್ತೋ.

"ಹೌದನ?"

ಇಲ್ಲ ಎನ್ನುವುದು ಕಷ್ಟವಿರಲಿಲ್ಲ. ಆ ಮಾತು ನಮ್ಮ ನಾಲಿಗೆಗೆ ರೂಢಿಯಾಗಿತ್ತು. ಆದರೆ ಗಾಜಿನಾಚೆ ಕೂಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿತ್ತು.

"ಹೌದ್ರಿ ಅತ್ತ್ಯಾರ," ಎಂದೆ. "ನೀಲಿನ ಐತಿ."

ಅವರು ಮತ್ತೆ ಗಾಜಿನ ಕಡೆ ತಿರುಗಿದರು. ಕೈ ಮಾತ್ರ ನನ್ನ ಮುಂಗೈ ಹಿಡಿದುಕೊಂಡಿತು. ಕಸೂತಿ ಹಾಕಿ ಹಾಕಿ ಗಟ್ಟಿಯಾದ ಬೆರಳುಗಳು.

"ಕೂಸಿನ ಮೈ ಬಣ್ಣ ನನಗ ತಿಳೀಲಿಲ್ಲಲ್ಲ," ಎಂದರು. "ಬಂಗಾರ ಬಂಗಾರ ಅಂದೆ. ಏನರ ಆಗಿದ್ರ ಏನ ಮಾಡ್ತಿದ್ದೆ ನಾನು?"

ಏನೂ ಆಗಿಲ್ಲ, ಹೊತ್ತಿಗೆ ಸರಿಯಾಗಿ ತಂದಿದ್ದೇವೆ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆ ಹೆಂಗಸನ್ನು ನಾನು ಅಷ್ಟು ಸಣ್ಣವರಾಗಿ ಎಂದೂ ನೋಡಿರಲಿಲ್ಲ. ನನಗೆ ಬೇಕಾದದ್ದು ಅವರ ಕಣ್ಣು ವಾಸಿಯಾಗುವುದಾಗಿತ್ತು, ಅವರು ಹೀಗೆ ಸೋಲುವುದಲ್ಲ.

ಕೂಸು ಚೆನ್ನಾಗಿ ಚೇತರಿಸಿಕೊಂಡು ಮನೆಗೆ ಬಂತು. ಅದು ಬಂದ ದಿನವೇ ಅತ್ತೆ ದೇವರ ಜಗಲಿಯ ವಿಭೂತಿ ಗಟ್ಟಿ ಸರಿಸಿ, ಡಾಕ್ಟರ ಚೀಟಿ ತೆಗೆದು ಮಗನ ಕೈಗೆ ಕೊಟ್ಟರು. ಆಪರೇಶನ್ ಮಾಡಿಸು ಎಂದರು, ಅಷ್ಟೇ. ಅವ್ವನ ಮಾತು ಬರಲಿಲ್ಲ, ಗೋಡೆ ಹಿಡಿದ ಕೈಯ ಮಾತು ಬರಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಆದರೂ ಹೋದರು.

ಒಂದು ಕಣ್ಣು ಆಯಿತು, ಆಮೇಲೆ ಇನ್ನೊಂದು. ಮೊದಲ ಕಣ್ಣಾದ ಮೇಲೆ ಮನೆಗೆ ಬಂದವರು ಪಡಸಾಲೆಯಲ್ಲಿ ನಿಂತು ನನ್ನ ಗೋಡೆಯನ್ನು ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ ನೋಡಿದರು. ಇದರಲ್ಲಿ ನೀಲಿಯ ಸುಳಿವಿದೆಯಲ್ಲ, ಬರೀ ಬೂದಿಯಲ್ಲ ಇದು ಎಂದರು. ಪೇಂಟಿನವನಿಗೆ ಒಂದು ಹನಿ ನೀಲಿ ಬೆರೆಸಲು ನಾನೇ ಹೇಳಿದ್ದೆ, ಅದನ್ನು ಇಷ್ಟು ವರ್ಷದಲ್ಲಿ ಕಂಡುಹಿಡಿದವರು ಅವರೊಬ್ಬರೇ. ಖುಷಿಯಿಂದ ನನಗೆ ಕುಣಿಯುವ ಹಾಗಾಯಿತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಗೋಡೆಯಲ್ಲಿ ಅಡಗಿದ ನೀಲಿ ಕಂಡವರಿಗೆ ಅಲಮಾರಿಯಲ್ಲಿರುವ ನೀಲಿ ಕಾಣದೆ ಇರುತ್ತದೆಯೇ?

ಮಗಳು ಹೆರಿಗೆಗೆ ಬರುವಾಗ ತಂದಿದ್ದ ಆ ಸೀರೆಯನ್ನು ನಾನು ಎಲ್ಲದರ ಕೆಳಗೆ ಇಟ್ಟಿದ್ದೆ. ಅತ್ತೆ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎರಡನೆಯ ಕಣ್ಣಾದ ಮೇಲೆ ಒಂದು ದಿನ ಕಸೂತಿ ನೂಲಿನ ಡಬ್ಬಿ ಮುಂದಿಟ್ಟುಕೊಂಡು ಕೂತರು. ಹಸಿರಿನ ಮನೆಯಲ್ಲಿ ನೀಲಿ ಲಡಿಗಳು ಎಷ್ಟೋ ಸೇರಿಕೊಂಡಿದ್ದವು. ಅವನ್ನು ಒಂದೊಂದೇ ತೆಗೆದು ಬೆಳಕಿಗೆ ಹಿಡಿದು ಬೇರೆ ಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಬೈದಿದ್ದರೆ ವಾಸಿಯಿತ್ತು. ಅವರು ಬೈಯಲಿಲ್ಲ.

ಮೂರನೆಯ ತಿಂಗಳಿಗೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡೆವು, ಆಮೇಲೆ ಮಗಳು ಗಂಡನ ಮನೆಗೆ ಹೊರಡುವವಳು. ಬೆಳಿಗ್ಗೆ ಮಗಳಿಗೆ ಉಡಿಸಲು ನಾನು ಗುಲಾಬಿ ರೇಷ್ಮೆ ತೆಗೆದಿಟ್ಟಿದ್ದೆ. ಅತ್ತೆ ಬಂದು ಅದನ್ನು ಮಡಚಿ ಬದಿಗಿಟ್ಟರು.

"ಆಕೀಗೆ ಕುಬಸದ್ದು ಉಡಸು," ಎಂದರು. "ಆ ಹಸರ ಸೀರಿ."

ಅವರ ಮುಖ ನೋಡಿದೆ. ಆಪರೇಶನ್ನಿನ ಕರೀ ಕನ್ನಡಕದ ಹಿಂದೆ ಏನೂ ತಿಳಿಯಲಿಲ್ಲ. ಅಲಮಾರಿಯ ತಳದಿಂದ ಸೀರೆ ತೆಗೆದೆ. ಮಗಳು ನನ್ನನ್ನು ನೋಡಿದಳು, ನಾನು ನೆರಿಗೆ ಹಿಡಿಯತೊಡಗಿದೆ.

ಧಾರವಾಡದಿಂದ ಬೀಗಿತ್ತಿ ಬಂದರು. ಓಣಿಯ ಹೆಂಗಸರೆಲ್ಲ ಬಂದರು. ಮಗಳು ಹೊರಗೆ ಬಂದಾಗ ಬೀಗಿತ್ತಿ ಕೂತಲ್ಲಿಂದಲೇ ಅರ್ಧ ಎದ್ದು ನಿಂತರು. ಅವರ ಕಣ್ಣು ಸೀರೆಯಿಂದ ಅತ್ತೆಯ ಕಡೆಗೆ, ಅಲ್ಲಿಂದ ನನ್ನ ಕಡೆಗೆ ಓಡಿತು. ಅತ್ತೆಯ ಆಪರೇಶನ್ ಸುದ್ದಿ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಕರೀ ಕನ್ನಡಕ ತೆಗೆದರು. ಮೊಮ್ಮಗಳ ಕೈ ಹಿಡಿದು ಹೊಸ್ತಿಲಿಗೆ ಕರೆದೊಯ್ದು ಬಿಸಿಲಿನಲ್ಲಿ ನಿಲ್ಲಿಸಿದರು. ಸೆರಗನ್ನು ಕೈಯಲ್ಲಿ ಹಿಡಿದು ಒಂದು ಕಡೆ ನೋಡಿದರು, ತಿರುಗಿಸಿ ಇನ್ನೊಂದು ಕಡೆ ನೋಡಿದರು. ಮೂಲೆಯಲ್ಲಿ ತಾವು ಹಾಕಿದ ಕೆಂಪು ಗೋಪುರದ ಮೇಲೆ ಹೆಬ್ಬೆರಳು ಆಡಿಸಿದರು. ಬಿಸಿಲಿಗೆ ಆ ನೀಲಿ ಧಗಧಗ ಎನ್ನುತ್ತಿತ್ತು. ಅದನ್ನು ನೀಲಿಯಲ್ಲ ಎನ್ನಲು ಯಾರಿಂದಲೂ ಸಾಧ್ಯವಿರಲಿಲ್ಲ. ಅತ್ತೆ ತಲೆಯೆತ್ತಿ ಬೀಗಿತ್ತಿಯನ್ನು ನೋಡಿದರು.

"ಬೀಗರ, ಅವತ್ತ ನೀವು ಹೇಳಿದ್ದು ಖರೇ ಐತ್ರಿ," ಎಂದರು. "ಇಂಥಾ ಹಸರು ಎಲ್ಲೂ ಸಿಗೂದಿಲ್ಲ."

ಬೀಗಿತ್ತಿ ಎದ್ದು ಬಂದು ಅತ್ತೆಯ ಕೈಯನ್ನು ಕಣ್ಣಿಗೊತ್ತಿಕೊಂಡರು. ಮಗಳು ಅಳುತ್ತಿದ್ದಳು. ನನ್ನ ಕಣ್ಣಲ್ಲೂ ನೀರು, ಅದನ್ನು ಮುಚ್ಚಿಡುವುದು ಯಾಕೆ? ಅತ್ತೆ ಮಾತ್ರ ಅಳಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ಒಳಗೆ ಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು, ಅದೇ ಹೊಸ್ತಿಲಿನಲ್ಲಿ ಕೂತು, ಬಿಸಿಲಿಗೆ ಹಿಡಿದರು. ಮೂಗಿನ ತುದಿಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಬಿಟ್ಟರು. ಹಣೆ ನೋಡಿದರು, ಎದೆ ನೋಡಿದರು, ಅಂಗಾಲು ತಿರುಗಿಸಿ ನೋಡಿದರು.

"ಗೋದಿ ಬಣ್ಣ," ಎಂದರು ಕೊನೆಗೆ. "ಕಿವಿ ತುದಿ ದಾಳಿಂಬರಿ ಕಾಳು."

ನಾನು ಬಗ್ಗಿ ನೋಡಿದೆ. ಹೌದು, ಹಾಗೇ ಇತ್ತು.